‘ಬಂತು ಸರ್’ ಎಂದರೆ ನಿಜವಾಗಿ ಬಂತೇ?

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಆದ್ದರಿಂದ ನಾನು ಭಾಷೆಯ ಬಗ್ಗೆ ಮಾತನಾಡುತ್ತೇನೆ ಎಂದು ನೀವೆಲ್ಲ ಭಾವಿಸಿರಬಹುದು. ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯ ಗಣಿತ. ‘ಉರ್ದು ಮೇಷ್ಟ್ರಿಗೆ ಗಣಿತದ ಉಸಾಬರಿ ಯಾಕೆ?’ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಆ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ.

ನಮ್ಮ ಮಂಗಳೂರು ಎಂದರೆ ಹೊರಗಿನವರು ಸಮುದ್ರದ ದಡದ ಮಂಗಳೂರು ಎಂದುಕೊಳ್ಳುತ್ತಾರೆ. ಇದು ಕೊಪ್ಪಳ ಜಿಲ್ಲೆಯ ಮಂಗಳೂರು. ಜೋಳದ ಹೊಲ, ಕರಿಮಣ್ಣು, ಬಿಸಿಲಿನ ಊರು. ಇಲ್ಲಿನ ಮಕ್ಕಳು ಬುದ್ಧಿಯಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೂ ಹತ್ತನೇ ತರಗತಿಯಲ್ಲಿ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಗಣಿತದಲ್ಲೇ. ಹುಡುಗ ಫೇಲಾದರೆ ಬೆಂಗಳೂರಿನ ಹೋಟೆಲ್ಲಿಗೋ ಗೌಂಡಿ ಕೆಲಸಕ್ಕೋ ಹೋಗುತ್ತಾನೆ. ಹುಡುಗಿ ಫೇಲಾದರೆ ‘ಇಷ್ಟು ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಹೀಗೆ ಒಂದೇ ವಿಷಯ ಒಂದು ಮಗುವಿನ ಬದುಕಿನ ದಾರಿಯನ್ನೇ ತಿರುಗಿಸಿಬಿಡುತ್ತದೆ. ಈ ಮಕ್ಕಳನ್ನು ಕೇಳಿ ನೋಡಿ, ಬಹಳಷ್ಟು ಮಂದಿ ಹೇಳುವುದು ಒಂದೇ ಮಾತು: ‘ಕ್ಲಾಸಿನಾಗ ಎಲ್ಲಾ ಬಂದಿತ್ತು ಸರ್, ಪರೀಕ್ಷೆಯಾಗ ಬರಲಿಲ್ಲ.’

ಈ ‘ಬಂದಿತ್ತು’ ಎಂಬ ಮಾತು ನಿಜವೇ? ಬಂದಿದ್ದರೆ ಎಲ್ಲಿಗೆ ಹೋಯಿತು? ಒಂದು ಪಾಠ ನಮಗೆ ನಿಜವಾಗಿ ಬಂದಿದೆ ಎಂದು ನಾವು ತಿಳಿಯುವುದು ಹೇಗೆ? ಇದೇ ಇಂದಿನ ನನ್ನ ವಿಷಯ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕರು ಇರಲಿಲ್ಲ. ಏಳನೇ ತರಗತಿಯ ಗಣಿತವನ್ನು ನನಗೆ ವಹಿಸಲಾಯಿತು. ಬಿ.ಎಡ್. ಆಗಿದೆ, ಏಳನೇ ತರಗತಿಯ ಲೆಕ್ಕ ಏನು ಮಹಾ ಎಂದು ನಾನೂ ಒಪ್ಪಿಕೊಂಡೆ. ಭಿನ್ನರಾಶಿಯ ಭಾಗಾಕಾರ ಬಂತು. ಬೋರ್ಡಿನ ಮೇಲೆ ಲೆಕ್ಕ ಬರೆದೆ: 2 ಕಿಲೋ ಸಕ್ಕರೆಯನ್ನು ಮುಕ್ಕಾಲು ಕಿಲೋದ ಪೊಟ್ಟಣಗಳಾಗಿ ಕಟ್ಟಿದರೆ ಎಷ್ಟು ಪೊಟ್ಟಣ ಆಗುತ್ತವೆ? ನಾನು ಕಲಿತಂತೆಯೇ ಕಲಿಸಿದೆ: ಭಾಜಕವನ್ನು ತಿರುವಿ ಹಾಕಿ ಗುಣಿಸಿ. 2 ÷ 3/4 ಎಂದರೆ 2 × 4/3, ಅಂದರೆ 8/3, ಅಂದರೆ 2 ಪೂರ್ಣಾಂಕ 2/3. ‘ಬಂತಾ?’ ಎಂದು ಕೇಳಿದೆ. ಇಡೀ ತರಗತಿ ‘ಬಂತು ಸರ್’ ಎಂದಿತು.

ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. ಅವಳ ತಂದೆಯದು ಸಣ್ಣ ಕಿರಾಣಿ ಅಂಗಡಿ. ‘ಸರ್, ಎರಡು ಕಿಲೋದಾಗ ಮುಕ್ಕಾಲು ಮುಕ್ಕಾಲು ಎರಡು ಪೊಟ್ಟಣ ಕಟ್ಟಿದ್ರ ಒಂದೂವರಿ ಕಿಲೋ ಆತು. ಅರ್ಧ ಕಿಲೋ ಉಳಿತೈತಿ. ನೀವು ಮೂರರಾಗ ಎರಡು ಅಂತ ಬರದೀರಿ. ಅರ್ಧ ಹೋಗಿ ಮೂರರಾಗ ಎರಡು ಹ್ಯಾಂಗಾತ್ರಿ?’

ನನಗೆ ಉತ್ತರ ಹೊಳೆಯಲಿಲ್ಲ. ಮೇಷ್ಟ್ರ ಗತ್ತು ಬಿಡಲು ಮನಸ್ಸಾಗಲಿಲ್ಲ. ‘ರೂಲ್ಸ್ ಹಂಗ ಐತಿ, ಬರಕೋ’ ಎಂದೆ. ಅವಳು ಕುಳಿತಳು. ಆದರೆ ಕುಳಿತುಕೊಳ್ಳುವಾಗ ಮೆಲ್ಲಗೆ, ‘ನನಗ ಬರಲಿಲ್ರಿ ಸರ್’ ಎಂದಳು.

ಅಂದು ರಾತ್ರಿ ನಾನು ಕಾಗದ ಹಿಡಿದು ಕುಳಿತೆ. ಪರೀಕ್ಷೆಗಳಲ್ಲಿ ಇಂಥ ನೂರಾರು ಲೆಕ್ಕ ಬಿಡಿಸಿ ಅಂಕ ತೆಗೆದುಕೊಂಡವನು ನಾನು. ಆದರೆ ಯಾಕೆ ತಿರುವಿ ಹಾಕುತ್ತೇವೆ ಎಂಬುದು ನನಗೇ ಗೊತ್ತಿರಲಿಲ್ಲ. ಕೊನೆಗೆ ನೆರವಿಗೆ ಬಂದದ್ದು ನಮ್ಮ ಮನೆಯ ಮಾತು: ‘ಪಾವ್’. ಒಂದು ಕಿಲೋದಲ್ಲಿ ನಾಲ್ಕು ಪಾವ್. ಎರಡು ಕಿಲೋ ಎಂದರೆ ಎಂಟು ಪಾವ್. ಇದೇ 4ರಿಂದ ಗುಣಿಸುವುದು. ಮುಕ್ಕಾಲು ಕಿಲೋ ಎಂದರೆ ಮೂರು ಪಾವ್. ಎಂಟು ಪಾವ್‌ಗಳನ್ನು ಮೂರು ಮೂರಾಗಿ ಕಟ್ಟಬೇಕು. ಇದೇ 3ರಿಂದ ಭಾಗಿಸುವುದು. ತಿರುವಿ ಹಾಕುವುದು ಮಂತ್ರವಲ್ಲ. ಮೊದಲು ಪಾವ್ ಮಾಡಿ, ಆಮೇಲೆ ಕಟ್ಟು ಕಟ್ಟುವ ಕೆಲಸ ಅಷ್ಟೇ. ಎರಡು ಪೊಟ್ಟಣ ಕಟ್ಟಿದ ಮೇಲೆ ಎರಡು ಪಾವ್ ಉಳಿಯಿತು. ಅದು ಅರ್ಧ ಕಿಲೋ ಹೌದು. ಆದರೆ ಒಂದು ಪೊಟ್ಟಣಕ್ಕೆ ಬೇಕಾದ ಮೂರು ಪಾವ್‌ಗಳಲ್ಲಿ ಅದು ಎರಡು. ಆದ್ದರಿಂದ ಪೊಟ್ಟಣದ ಲೆಕ್ಕದಲ್ಲಿ ಅದು 2/3. ಹುಡುಗಿ ಕಿಲೋದಲ್ಲಿ ಹೇಳಿದ್ದಳು, ಪುಸ್ತಕ ಪೊಟ್ಟಣದಲ್ಲಿ ಹೇಳಿತ್ತು. ಇಬ್ಬರೂ ಸರಿ. ತಪ್ಪು ನನ್ನದೊಬ್ಬನದೇ.

ಮರುದಿನ ತರಗತಿಯಲ್ಲಿ ಅವಳ ಮುಂದೆಯೇ ಇದನ್ನು ಒಪ್ಪಿಕೊಂಡು ಮತ್ತೆ ಪಾಠ ಮಾಡಿದೆ. ಒಂದು ವಾರ ಬಿಟ್ಟು, ಪಾಠದ ಹೆಸರು ಹೇಳದೆ, ಗುಣಾಕಾರ ಭಾಗಾಕಾರ ಬೆರೆಸಿ ಐದು ಲೆಕ್ಕ ಕೊಟ್ಟೆ. ‘ಬಂತು ಸರ್’ ಎಂದಿದ್ದ ಬಹಳಷ್ಟು ಮಕ್ಕಳು ಯಾವುದನ್ನು ತಿರುವಬೇಕೆಂದು ತಿಳಿಯದೆ ತಡಕಾಡಿದರು. ‘ಬರಲಿಲ್ಲ’ ಎಂದಿದ್ದ ಹುಡುಗಿ ಐದೂ ಸರಿ ಮಾಡಿದ್ದಳು.

ಮಿತ್ರರೇ, ಅಂದು ನನಗೆ ತಿಳಿದದ್ದು ಇಷ್ಟು. ‘ಬಂತು’ ಎಂಬುದು ಒಂದು ಭಾವನೆ. ‘ಬರಲಿಲ್ಲ’ ಎಂಬುದೂ ಒಂದು ಭಾವನೆ. ಎರಡನ್ನೂ ನಂಬಬಾರದು. ಭಾವನೆಯಿಂದ ಅಳೆಯದೆ ಪರೀಕ್ಷಿಸಿ ಅಳೆಯಬೇಕು.

ಭಾಷೆಯ ಮೇಷ್ಟ್ರಾಗಿ ಇಲ್ಲಿ ಎರಡು ಮಾತು ಹೇಳಲೇಬೇಕು. ಉರ್ದುವಿನಲ್ಲಿ ಭಿನ್ನರಾಶಿಗೆ ‘ಕಸ್ರ್’ ಎನ್ನುತ್ತೇವೆ. ಅರಬಿಯಲ್ಲಿ ಅದರ ಅರ್ಥ ಮುರಿಯುವುದು. ಕನ್ನಡದ ‘ಭಿನ್ನ’ ಎಂದರೂ ಒಡೆದದ್ದು. ಇಂಗ್ಲಿಷಿನ ‘ಫ್ರಾಕ್ಷನ್’ ಪದದ ಲ್ಯಾಟಿನ್ ಮೂಲಕ್ಕೂ ಮುರಿ ಎಂದೇ ಅರ್ಥ. ಸುಮಾರು 820ರ ಹೊತ್ತಿಗೆ ಬಾಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ ಹೆಸರಿನಿಂದ ‘ಆಲ್ಜೀಬ್ರಾ’ ಎಂಬ ಪದ ಬಂತು. ಅದರಲ್ಲಿರುವ ‘ಜಬ್ರ್’ ಪದಕ್ಕೆ ಮುರಿದ ಎಲುಬನ್ನು ಕೂಡಿಸುವುದು ಎಂಬ ಅರ್ಥವೂ ಉಂಟು. ಒಂದು ಕಡೆ ಐದು ಕಡಿಮೆಯಾಗಿದ್ದರೆ ಎರಡೂ ಕಡೆಗೆ ಐದು ಸೇರಿಸಿ ಆ ಕೊರತೆಯನ್ನು ತುಂಬುವುದು, ಅದೇ ಜಬ್ರ್. ನಾವು ಮಾತ್ರ ಮಕ್ಕಳಿಗೆ ‘ಆ ಕಡೆ ಹೋದರೆ ಮೈನಸ್ ಪ್ಲಸ್ ಆಗುತ್ತದೆ’ ಎಂದಷ್ಟೇ ಹೇಳಿಕೊಡುತ್ತೇವೆ. ಕನ್ನಡ ಪುಸ್ತಕ ಇದನ್ನು ‘ಪಕ್ಷಾಂತರ’ ಎನ್ನುತ್ತದೆ. ಪಕ್ಷಾಂತರ ಮಾಡಿದರೆ ಬಣ್ಣ ಬದಲಾಗುತ್ತದೆ ಎಂದು ಮಕ್ಕಳು ರಾಜಕೀಯ ನೋಡಿ ನಂಬಿಬಿಡುತ್ತಾರೆ, ಕಾರಣ ಕೇಳುವುದಿಲ್ಲ!

ಈ ವಿದ್ಯೆ ನಮಗೆ ಪರಕೀಯವೇನಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ಆ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ನಮ್ಮ ಕಲ್ಯಾಣ ಕರ್ನಾಟಕದ್ದೇ. ಅದೇ ಕಾಲದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಹೇಳುವಾಗ ಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು ಹೆಸರಿಸುತ್ತದೆ. ಭಾಜಕದ ಛೇದವನ್ನು ಅಂಶವಾಗಿಸಿ ಗುಣಿಸುವ ನಿಯಮ ಮಹಾವೀರಾಚಾರ್ಯರ ಗ್ರಂಥದಲ್ಲಿ ಇದೆ. ಭಿನ್ನರಾಶಿಗಳನ್ನು ಕೂಡಿಸಲು ಲಸಾಅ ಬಳಸುವ ಕ್ರಮವೂ ಇದೆ. 12ನೇ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಭಾಸ್ಕರಾಚಾರ್ಯರ ‘ಲೀಲಾವತಿ’ಯನ್ನು ಅಕ್ಬರನ ಆಸ್ಥಾನದ ಫೈಝಿ 1587ರಲ್ಲಿ ಫಾರಸಿಗೆ ತಂದ. ಹೀಗೆ ಗಣಿತ ಭಾಷೆಯಿಂದ ಭಾಷೆಗೆ ನಡೆದು ಬಂದಿದೆ. ಒಂದು ಭಾಷೆಯಲ್ಲಿ ಕಲಿತದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕಾದರೆ ಅರ್ಥ ತಿಳಿದಿರಲೇಬೇಕು. ಈ ಮಾತನ್ನು ನೆನಪಿಡಿ, ಇದು ಮುಂದೆ ನಮಗೆ ಬೇಕಾಗುತ್ತದೆ.

ಈಗ ವಿದ್ಯಾರ್ಥಿಗಳಿಗೆ ನಾಲ್ಕು ಪರೀಕ್ಷೆಗಳನ್ನು ಹೇಳುತ್ತೇನೆ. ಯಾವ ಪಾಠವಾದರೂ ಈ ನಾಲ್ಕನ್ನೂ ದಾಟಿದರೆ ‘ಬಂತು’ ಎಂದು ಧೈರ್ಯವಾಗಿ ಹೇಳಿ.

ಮೊದಲನೆಯದು, ದಿನ ಬಿಟ್ಟು ನೋಡುವುದು. ಪುಸ್ತಕದಲ್ಲಿ ಬಿಡಿಸಿದ ಉದಾಹರಣೆಯನ್ನು ಓದುವಾಗ ಎಲ್ಲವೂ ಸುಲಭ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಮಾಡಿ. ಇಂದು ಮಾಡಿದ್ದು ಸಾಲದು, ಒಂದು ವಾರದ ನಂತರ ಮತ್ತೆ ಮಾಡಿ. ಇದು ನಮಗೆ ಹೊಸದಲ್ಲ. ಹಿಫ್ಝ್ ಮಾಡುವ ಮಕ್ಕಳನ್ನು ನೋಡಿದ್ದೀರಿ. ಅವರಿಗೆ ದಿನವೂ ಮೂರು ಕೆಲಸ: ಹೊಸ ಪಾಠ ‘ಸಬಕ್’, ಈಚಿನ ದಿನಗಳ ಪಾಠ ‘ಸಬಕ್ ಪಾರಾ’, ಹಳೆಯ ಪಾಠ ‘ಆಮೋಖ್ತಾ’. ಕೆಲವು ಕಡೆ ಹಳೆಯದಕ್ಕೆ ಮಂಝಿಲ್ ಎನ್ನುತ್ತಾರೆ. ಉಸ್ತಾದರು ನಡುವಿನಿಂದ ಎಲ್ಲಿ ಬೇಕಾದರೂ ಎತ್ತಿಕೊಡುತ್ತಾರೆ, ಅಲ್ಲಿಂದ ಮುಂದುವರಿಸಬೇಕು. ಹಳೆಯದನ್ನು ಬಿಟ್ಟರೆ ಹೊಸದು ನಿಲ್ಲುವುದಿಲ್ಲ ಎಂದು ನಮ್ಮ ಉಸ್ತಾದರಿಗೆ ಚೆನ್ನಾಗಿ ಗೊತ್ತು. ಗಣಿತಕ್ಕೂ ಇದನ್ನೇ ಮಾಡಿ. ದಿನಕ್ಕೆ ಐದು ಹೊಸ ಲೆಕ್ಕ, ಮೂರು ಹೋದ ವಾರದವು, ಎರಡು ಹೋದ ತಿಂಗಳಿನವು. ಆದರೆ ಒಂದು ವ್ಯತ್ಯಾಸವಿದೆ. ಹಿಫ್ಝ್‌ನಲ್ಲಿ ಒಂದಕ್ಷರವೂ ಬದಲಾಗಬಾರದು. ಗಣಿತದಲ್ಲಿ ಅಂಕಿ, ಮಾತು, ಸಂದರ್ಭ ಎಲ್ಲ ಬದಲಾದರೂ ನಿಮಗೆ ಬರಬೇಕು.

ಎರಡನೆಯದು, ಬೆರೆಸಿ ನೋಡುವುದು. ‘ಸಮಾಂತರ ಶ್ರೇಢಿ’ ಎಂಬ ಪಾಠದ ಕೆಳಗೆ ಕೊಟ್ಟ ಲೆಕ್ಕಕ್ಕೆ ಯಾವ ಸೂತ್ರ ಎಂದು ಪಾಠದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಹೇಳುವವರು ಯಾರು? 2007ರಲ್ಲಿ ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಲಿಸಿದರು. ಒಂದು ಗುಂಪು ಒಂದೊಂದೇ ಬಗೆಯ ಲೆಕ್ಕವನ್ನು ಒಟ್ಟಿಗೆ ಮಾಡಿತು. ಇನ್ನೊಂದು ಗುಂಪು ಬೆರೆಸಿ ಮಾಡಿತು. ಅಭ್ಯಾಸದ ಸಮಯದಲ್ಲಿ ಮೊದಲ ಗುಂಪಿಗೆ ಶೇ. 89 ಸರಿ ಬಂತು, ಬೆರೆಸಿದವರಿಗೆ ಶೇ. 60 ಮಾತ್ರ. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ. 20ಕ್ಕೆ ಇಳಿಯಿತು, ಬೆರೆಸಿದವರು ಶೇ. 63ರಲ್ಲಿ ನಿಂತರು. ನೋಡಿ, ‘ಎಲ್ಲಾ ಬಂತು’ ಎಂದುಕೊಂಡಿದ್ದವರಿಗೆ ಬಂದಿರಲಿಲ್ಲ! ಅದಕ್ಕೇ ಹೇಳುತ್ತೇನೆ, ಹಳೆಯ ಪಾಠಗಳಿಂದ ಒಂದೊಂದು ಲೆಕ್ಕವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಕಣ್ಣು ಮುಚ್ಚಿ ಎತ್ತಿದ್ದನ್ನು ಬಿಡಿಸಿ.

ಮೂರನೆಯದು, ನಿಮ್ಮ ತಪ್ಪನ್ನು ನೀವೇ ಹಿಡಿಯುವುದು. ಒಬ್ಬ ಹುಡುಗ ಮೊದಲ ದಿನ 10 ರೂಪಾಯಿ ಕೂಡಿಡುತ್ತಾನೆ, ಪ್ರತಿದಿನ ಹಿಂದಿನ ದಿನಕ್ಕಿಂತ 5 ರೂಪಾಯಿ ಹೆಚ್ಚು. 30 ದಿನಕ್ಕೆ ಒಟ್ಟು ಎಷ್ಟು? ಅವಸರದ ವಿದ್ಯಾರ್ಥಿ 10 + 29 × 5 = 155 ಎಂದು ಬರೆದು ಗೆರೆ ಎಳೆಯುತ್ತಾನೆ. ಅದು 30ನೇ ದಿನದ ಹಣ, ಒಟ್ಟು ಹಣವಲ್ಲ. ಪಾಠ ಬಂದವನು ಬರೆದ ಮೇಲೆ ಒಂದು ಕ್ಷಣ ನಿಲ್ಲುತ್ತಾನೆ. ದಿನಕ್ಕೆ ಬರೀ ಹತ್ತರಂತೆ ಇಟ್ಟರೂ 300 ಆಗಬೇಕು, 155 ಹೇಗಾದೀತು? ಮತ್ತೆ ನೋಡುತ್ತಾನೆ. ಮೊದಲ ದಿನ 10, ಕೊನೆಯ ದಿನ 155, ಸರಾಸರಿ 82.50, ಮೂವತ್ತು ದಿನಕ್ಕೆ 2475. ಹಾಗೆಯೇ ನಮ್ಮ ತರಗತಿಯಲ್ಲಿ ಮುಕ್ಕಾಲು ಕಿಲೋವನ್ನು ಇಬ್ಬರಿಗೆ ಹಂಚುವ ಲೆಕ್ಕದಲ್ಲಿ ಒಬ್ಬ ಹುಡುಗ ಭಾಜಕದ ಬದಲು ಭಾಜ್ಯವನ್ನೇ ತಿರುವಿ 8/3 ಎಂದು ಬರೆದಿದ್ದ. ಇದ್ದದ್ದೇ ಮುಕ್ಕಾಲು ಕಿಲೋ, ಇವನ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಎರಡೂವರೆ ಕಿಲೋಗಿಂತ ಹೆಚ್ಚು ಸಿಕ್ಕಿತ್ತು! ಇಂಥ ಬರಕತ್ತು ಅಂಗಡಿಯಲ್ಲಿ ಇದ್ದಿದ್ದರೆ ಯಾರೂ ಸಾಲ ಮಾಡುತ್ತಿರಲಿಲ್ಲ. ಉತ್ತರ ನಂಬುವಂಥದ್ದೇ ಎಂದು ಕೇಳಿಕೊಳ್ಳುವುದು ಪಾಠ ಬಂದಿರುವುದರ ದೊಡ್ಡ ಗುರುತು.

ನಾಲ್ಕನೆಯದು, ಬೇರೊಬ್ಬರಿಗೆ ಬೇರೆ ಮಾತಿನಲ್ಲಿ ಹೇಳುವುದು. ಶಾಲೆಯಲ್ಲಿ ಕನ್ನಡದಲ್ಲಿ ಕಲಿತದ್ದನ್ನು ಮನೆಯಲ್ಲಿ ದಖನಿಯಲ್ಲಿ ಅಮ್ಮಿಗೆ ಹೇಳಿ. ಉರ್ದು ಮಾಧ್ಯಮದವರು ಪಕ್ಕದ ಮನೆಯ ಗೆಳೆಯನಿಗೆ ಕನ್ನಡದಲ್ಲಿ ಹೇಳಿ. ‘ಸೂತ್ರ ಹಾಗಿದೆ’ ಎಂಬ ಮಾತನ್ನು ಬಳಸಬಾರದು. ಎಲ್ಲಿ ನಿಮ್ಮ ಮಾತು ತೊದಲುತ್ತದೆಯೋ ಅಲ್ಲಿಯೇ ನಿಮಗೆ ಬಂದಿಲ್ಲ. ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ ಮರುದಿನ ಮೇಷ್ಟ್ರನ್ನು ಕೇಳಿ. ನನಗೆ ಎರಡು ಭಾಷೆ ಬರುತ್ತಿತ್ತು, ಆದರೆ ಆ ಹುಡುಗಿ ಕೇಳುವವರೆಗೆ ‘ತಿರುವಿ ಹಾಕು’ ಎಂಬುದನ್ನು ಯಾವ ಭಾಷೆಯಲ್ಲೂ ಅರ್ಥ ಮಾಡಿಕೊಂಡಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ಕೇಳಿ ‘ಪೂರ್ತಿ ಬರುವವರೆಗೆ ಮುಂದಿನ ಪಾಠಕ್ಕೆ ಹೋಗುವುದೇ ಇಲ್ಲ’ ಎಂದು ಕೂರಬೇಡಿ. ಹಾಗೆ ಕೂತರೆ ವರ್ಷವೇ ಮುಗಿದುಹೋಗುತ್ತದೆ. ನಾವು ಬಿ.ಎಡ್.ನಲ್ಲಿ ಓದಿದ ಬೆಂಜಮಿನ್ ಬ್ಲೂಮ್ 1968ರಲ್ಲಿ ಪ್ರಭುತ್ವ ಕಲಿಕೆಯ ವಿಚಾರವನ್ನು ಮುಂದಿಟ್ಟರು. ಅವರ ಕ್ರಮದಲ್ಲಿ ಪಾಠದ ಕೊನೆಗೆ ಒಂದು ಸಣ್ಣ ಪರೀಕ್ಷೆ. ಸಾಮಾನ್ಯವಾಗಿ ಶೇ. 80ರಿಂದ 90ರಷ್ಟು ಸರಿ ಮಾಡಿದರೆ ಮುಂದೆ ಹೋಗಬಹುದು. ಕಡಿಮೆ ಬಂದವರಿಗೆ ಅದನ್ನೇ ಬೇರೆ ರೀತಿಯಲ್ಲಿ ಕಲಿಸಿ ಮತ್ತೊಂದು ಪರೀಕ್ಷೆ. ‘ನೀನು ದಡ್ಡ’ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ‘ಇನ್ನೂ ಬಂದಿಲ್ಲ, ಮತ್ತೊಮ್ಮೆ ನೋಡೋಣ’ ಎನ್ನುವುದಷ್ಟೇ. ಬೆರೆಸಿದ ಹತ್ತು ಲೆಕ್ಕದಲ್ಲಿ ಎಂಟು ಸರಿಯಾದರೆ ಮುಂದೆ ಹೋಗಿ. ಉಳಿದ ಎರಡನ್ನು ಆಮೋಖ್ತಾದ ಪಟ್ಟಿಗೆ ಸೇರಿಸಿ.

ಇನ್ನೊಂದು ಮಾತು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಎಷ್ಟೋ ಜಾಣ ಹುಡುಗಿಯರು ‘ನನಗೆ ಗಣಿತ ಬರುವುದಿಲ್ಲ’ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಪ್ರಶ್ನೆ ಹುಟ್ಟುವುದು ಬರುವುದಿಲ್ಲ ಎಂಬುದರ ಗುರುತಲ್ಲ. ಕೆಲವೊಮ್ಮೆ ಅದು ಉಳಿದವರಿಗಿಂತ ಆಳಕ್ಕೆ ಇಳಿದಿದ್ದೀರಿ ಎಂಬುದರ ಗುರುತು. ನೀವೂ ಈ ನಾಲ್ಕು ಪರೀಕ್ಷೆ ಮಾಡಿಕೊಳ್ಳಿ. ದಾಟಿದರೆ ‘ಬಂತು’ ಎಂದು ತಲೆ ಎತ್ತಿ ಹೇಳಿ.

ಈಗ ಪಾಲಕರಿಗೆ ಮತ್ತು ಸಂಘದ ಹಿರಿಯರಿಗೆ ನನ್ನ ವಿನಂತಿ. ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಯಲ್ಲಿ ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ಅನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳ ಬಗ್ಗೆಯೂ ಕೇಳಿರಬಹುದು. ವಸ್ತುಗಳನ್ನು ಕೈಯಲ್ಲಿ ಹಿಡಿದು ಕಲಿಯುವುದು, ಊರಿನ ಮುಂದೆ ಮಕ್ಕಳು ಗಣಿತದ ಪರೀಕ್ಷೆ ಎದುರಿಸುವುದು ಬಹಳ ಒಳ್ಳೆಯ ಪದ್ಧತಿ. ನಮ್ಮ ಊರಿನ ಕಲಿಕೆಯನ್ನು ನಾವೇ ನೋಡಿಕೊಳ್ಳಬಹುದು ಎಂಬುದು ಅದರಿಂದ ತಿಳಿಯುತ್ತದೆ.

ತಾಯಂದಿರೇ, ‘ನಾವು ಶಾಲೆ ಕಲಿತಿಲ್ಲ, ಮಕ್ಕಳ ಓದು ನಮಗೇನು ತಿಳಿಯುತ್ತದೆ?’ ಎನ್ನಬೇಡಿ. ನಾಲ್ಕನೇ ಪರೀಕ್ಷೆಗೆ ನಿಮಗಿಂತ ಒಳ್ಳೆಯ ಪರೀಕ್ಷಕರು ಸಿಗುವುದಿಲ್ಲ. ರೊಟ್ಟಿ ಬಡಿಯುತ್ತಲೇ, ‘ಇವತ್ತು ಏನು ಕಲಿತಿ, ನನಗೆ ತಿಳಿಯುವಂತೆ ಹೇಳು’ ಎನ್ನಿ. ನಿಮಗೆ ತಿಳಿದರೆ ಮಗುವಿಗೆ ಬಂದಿದೆ. ತಿಳಿಯದಿದ್ದರೆ ‘ಯಾಕೆ?’ ಎಂದು ಮತ್ತೆ ಕೇಳಿ. ಪಾವ್, ಸವಾ, ಡೇಢ್, ಢಾಯಿ ಇವೆಲ್ಲ ನೀವು ದಿನವೂ ಬಳಸುವ ಭಿನ್ನರಾಶಿಗಳೇ.

ಸಂಘವು ಪ್ರತಿವರ್ಷ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುತ್ತಿರುವುದು ಅಭಿನಂದನೀಯ. ಅದರ ಜೊತೆಗೆ ವಾರಕ್ಕೊಂದು ಸಂಜೆ ಒಂದು ಗಂಟೆ, ಹತ್ತನೇ ತರಗತಿಯವರು ಏಳನೆಯವರಿಗೆ, ಪಿಯುಸಿಯವರು ಹತ್ತನೆಯವರಿಗೆ ಹೇಳಿಕೊಡುವ ವ್ಯವಸ್ಥೆ ಆಗಲಿ. ಖರ್ಚು ಒಂದು ಬೋರ್ಡು, ಒಂದು ಡಬ್ಬಿ ಚಾಕ್‌ಪೀಸು. ಕಲಿಯುವವನಿಗೂ ಲಾಭ, ಕಲಿಸುವವನಿಗೆ ಅದಕ್ಕಿಂತ ಹೆಚ್ಚು ಲಾಭ. ಒಂದು ಪಾಠ ಬಂದಿದೆಯೋ ಇಲ್ಲವೋ ಎಂಬುದು ಇನ್ನೊಬ್ಬರ ಮುಂದೆ ನಿಂತಾಗ ತಿಳಿಯುತ್ತದೆ. ನನಗೂ ಹಾಗೆಯೇ ತಿಳಿಯಿತು.

ಶಿಕ್ಷಕ ಬಂಧುಗಳೇ, ನಮಗೂ ಒಂದು ಮಾತು. ಇನ್ನು ಮುಂದೆ ‘ಬಂತಾ?’ ಎಂದು ಕೇಳಿ ಪಾಠ ಮುಗಿಸುವುದು ಬೇಡ. ಆ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ನಮ್ಮ ಮೇಲಿನ ಗೌರವದಿಂದ ಅಥವಾ ಭಯದಿಂದ ಬರುತ್ತದೆ. ‘ಯಾಕೆ ಹಾಗೆ? ಹೇಳು’ ಎಂದು ಕೇಳೋಣ. ಒಬ್ಬ ಮಗು ಎದ್ದು ನಿಂತು ‘ನನಗೆ ಬರಲಿಲ್ಲ ಸರ್’ ಎಂದರೆ ಅದನ್ನು ಕೂರಿಸಬೇಡಿ. ನಾನು ಒಮ್ಮೆ ಕೂರಿಸಿದ್ದೆ. ಮರುದಿನ ಒಪ್ಪಿಕೊಳ್ಳುವ ಅವಕಾಶ ನನಗೆ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಅದಕ್ಕೂ ಮುಂಚೆ ನನ್ನ ‘ಬಂತಾ?’ಕ್ಕೆ ‘ಬಂತು’ ಎಂದು ಸುಮ್ಮನೆ ಕುಳಿತು, ಹತ್ತನೇ ತರಗತಿಯಲ್ಲಿ ಓದು ಬಿಟ್ಟ ಮಕ್ಕಳು ಎಷ್ಟಿದ್ದಾರೋ ಎಂಬ ಚಿಂತೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.